ಗುರುಗಳ ಸೀಟು

ಎರಡನೇ ಸಲ ಹಾರ್ನ್ ಒತ್ತಿದರೂ ಗುರುಗಳು ಹಿಂತಿರುಗಿ ನೋಡಲಿಲ್ಲ. ಎಡಗಾಲನ್ನು ತುಸು ಎಳೆಯುತ್ತ, ರಸ್ತೆಯ ಅಂಚು ಹಿಡಿದು ಏರು ಹತ್ತುತ್ತಲೇ ಇದ್ದರು. ಡ್ರೈವರು ಬಸ್ಸನ್ನು ಮೊದಲ ಗೇರಿನಲ್ಲೇ ಅವರ ಹಿಂದೆ ತೆವಳಿಸುತ್ತಿದ್ದ. ರಸ್ತೆ ಅಗಲವಾಗಿತ್ತು, ಎದುರಿಗೆ ಒಂದು ಸೈಕಲ್ಲೂ ಇರಲಿಲ್ಲ. ದಾಟಿಹೋಗಬಹುದಿತ್ತು.

ಎಂಟು ದಿನಗಳ ಮೇಲೆ ಡಿಪೋದಿಂದ ಹೊರಬಿದ್ದ ಮೊದಲ ಬಸ್ಸು ಅದು. ಎರಡು ಪಾಳಿಗಳ ನಡುವೆ ಎಂಟು ತಾಸು ನಿದ್ದೆಗೆ ಬಿಡಿ ಎಂದು ಡ್ರೈವರುಗಳೆಲ್ಲ ಮುಷ್ಕರ ಹೂಡಿದ್ದರು. ಹಿಂದಿನ ತಿಂಗಳು ಇವನ ಜೊತೆಗಾರನೊಬ್ಬ ಸ್ಟಿಯರಿಂಗ್ ಮೇಲೇ ಕಣ್ಣು ಮುಚ್ಚಿ ಸೇತುವೆಯಿಂದ ಕೆಳಗೆ ಹೋಗಿದ್ದ. ಮುಷ್ಕರದ ಹಕ್ಕು ಆ ನಾಡಿನ ಸಂವಿಧಾನದಲ್ಲೇ ಇತ್ತು. ನಿನ್ನೆ ಸರ್ಕಾರ ಒಂದೇ ಮಧ್ಯಾಹ್ನದಲ್ಲಿ ಕಾನೂನು ಮಾಡಿ, ಡ್ರೈವರುಗಳ ಮಟ್ಟಿಗೆ ಆ ಹಕ್ಕು ನಡೆಯುವುದಿಲ್ಲ, ಕೋರ್ಟೂ ಕೇಳುವಂತಿಲ್ಲ ಎಂದುಬಿಟ್ಟಿತು. ಬೆಳಿಗ್ಗೆ ಬಾರದವನಿಗೆ ಕೆಲಸವಿಲ್ಲ, ಕ್ವಾರ್ಟರ್ಸೂ ಇಲ್ಲ. ಇವನ ಹೆಂಡತಿಗೆ ಎಂಟು ತಿಂಗಳು ತುಂಬಿತ್ತು.

ಆದರೂ ಒಂದು ಆಸೆಯಿತ್ತು. ವಾರಕ್ಕೊಮ್ಮೆ ಗುರುಗಳು ರೋಗಿಗಳಿಗಾಗಿ ಪ್ರಾರ್ಥಿಸಲು ಇದೇ ಬಸ್ಸಿನಲ್ಲಿ, ಇವನ ಬೆನ್ನ ಹಿಂದಿನ ಸೀಟಿನಲ್ಲಿ ಕೂತು ಆಸ್ಪತ್ರೆಗೆ ಹೋಗುತ್ತಿದ್ದರು. ಇವತ್ತೂ ಅವರು ಹತ್ತಿ ಕೂತುಬಿಟ್ಟರೆ ತಾನು ಮಾಡಿದ್ದು ಅಂಥ ದೊಡ್ಡ ತಪ್ಪಲ್ಲ ಎಂದಾಗುತ್ತಿತ್ತು. ಅದಕ್ಕೇ ಡಿಪೋದಲ್ಲಿ ಆ ಸೀಟನ್ನು ಎರಡೆರಡು ಸಲ ಒರೆಸಿದ್ದ. ಕಂಡಕ್ಟರಾಗಿದ್ದ ಹೆಂಡತಿಯ ತಮ್ಮ ಛೇಡಿಸಿದ್ದ: "ಅಷ್ಟು ಉಜ್ಜಬೇಡ ಭಾವ, ಗುರುಗಳು ಜಾರಿ ಬಿದ್ದಾರು."

ಈಗ ಅವನೂ ಬಾಗಿಲ ಬಳಿ ನಿಂತು ಗುರುಗಳನ್ನೇ ನೋಡುತ್ತಿದ್ದ. ಬಸ್ಸಿನಲ್ಲಿ ಇನ್ನುಳಿದವನೆಂದರೆ ಕಾವಲಿಗೆಂದು ಕೊನೆಯ ಸೀಟಿನಲ್ಲಿ ಕೂತಿದ್ದ ಪೊಲೀಸ್ ಪೇದೆಯೊಬ್ಬನೇ.

ಡ್ರೈವರು ಬಸ್ಸನ್ನು ಗುರುಗಳ ಪಕ್ಕಕ್ಕೆ ತಂದು ಬಾಗಿಲು ತೆಗೆದ. "ಹತ್ತಿ ಗುರುಗಳೇ. ಇನ್ನೂ ಮೂರು ಮೈಲಿ ಇದೆ. ನಿಮ್ಮ ಮೊಣಕಾಲು ತಡೆಯಲ್ಲ."

ಗುರುಗಳು ನಿಂತರು. ಏದುಸಿರಿನಲ್ಲಿ ಬಾಗಿಲ ಕಂಬಿ ಹಿಡಿಯಲು ಎತ್ತಿದ ಕೈಯನ್ನು ಹಾಗೇ ಇಳಿಸಿದರು. "ನಿನ್ನ ಮೇಲೆ ಸಿಟ್ಟಿಲ್ಲಪ್ಪ. ಮನೇಲಿ ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ. ಹತ್ತಿ."

"ಒಲ್ಲೆ ಅನ್ನೋ ಹಕ್ಕು ಮನುಷ್ಯನ ಜೊತೆಗೇ ಹುಟ್ಟಿದ್ದು. ಬೇಕಾದಾಗ ಕಿತ್ಕೊಳ್ಳೋಕೆ ಅದೇನು ಸರ್ಕಾರ ಕೊಟ್ಟದ್ದಾ? ದೇವರೇ ಯಾರನ್ನೂ ಹೆದರಿಸಿ ದುಡಿಸ್ಕೊಳ್ಳಲ್ಲ. ನಾನು ಈ ಬಸ್ಸಲ್ಲಿ ಕೂತರೆ, ಕಿತ್ಕೊಂಡಿದ್ದು ಸರಿ ಅಂತ ನಾನೇ ಹೇಳಿದ ಹಾಗೆ."

"ಹಾಗಾದ್ರೆ ನಾನೂ ಇಳಿದುಬಿಡಲಾ?"

ಗುರುಗಳು ಅವನ ಮುಖವನ್ನೇ ನೋಡಿದರು. "ಇಳಿ ಅಂತ ನಾನು ಹೇಳಿದರೆ ಅದೂ ಒತ್ತಾಯವೇ ಆಯ್ತಲ್ಲಪ್ಪ."

ಮತ್ತೆ ನಡೆಯತೊಡಗಿದರು. ಪೇದೆ ಜೇಬಿನಿಂದ ಪುಸ್ತಕ ತೆಗೆದು, ಗಡಿಯಾರ ನೋಡಿ, ಏನೋ ಬರೆದುಕೊಂಡ. ಬಾಗಿಲು ತೆರೆದೇ ಇತ್ತು. ಡ್ರೈವರು ಅದರಾಚೆಯ ಮಣ್ಣನ್ನೂ ಅಲ್ಲಿ ಮೂಡಿದ್ದ ಚಪ್ಪಲಿಯ ಗುರುತನ್ನೂ ನೋಡುತ್ತ ಕೂತ. ಆಮೇಲೆ ಬಾಗಿಲು ಮುಚ್ಚಿ ಗೇರು ಬದಲಿಸಿದ. ದಾಟುವಾಗ ಹಾರ್ನ್ ಒತ್ತಲಿಲ್ಲ, ಕನ್ನಡಿಯನ್ನೂ ನೋಡಲಿಲ್ಲ.

ಆಸ್ಪತ್ರೆ ಸ್ಟಾಪಿನಲ್ಲಿ ಯಾರೂ ಕಾಯುತ್ತಿರಲಿಲ್ಲ. ಆದರೂ ಬಸ್ಸು ನಿಂತಿತು, ಬಾಗಿಲು ತೆರೆದುಕೊಂಡಿತು. ನೋಯುವ ಮೊಣಕಾಲೊಂದು ಎರಡು ಮೆಟ್ಟಿಲು ಇಳಿಯಲು ಪ್ರತಿ ವಾರ ಎಷ್ಟು ಹೊತ್ತು ಹಿಡಿಯುತ್ತಿತ್ತೋ ಅಷ್ಟು ಹೊತ್ತೂ ಎಂಜಿನ್ ಗುರುಗುಟ್ಟುತ್ತಿತ್ತು. ಕಂಡಕ್ಟರು ವಿಸಿಲನ್ನು ಬಾಯಿಗಿಟ್ಟುಕೊಂಡಿದ್ದ. ಊದಲಿಲ್ಲ.