ಎಡಗಡೆಯ ಭಾರ

ಶಿವಪುತ್ರಪ್ಪನವರಿಗೆ ಸಂಶಯವೆಂದರೆ ಊಟವಾದ ಮೇಲಿನ ಎಲೆ-ಅಡಿಕೆ ಇದ್ದ ಹಾಗೆ. ಅದಿಲ್ಲದೆ ಯಾವುದೂ ಅರಗುತ್ತಿರಲಿಲ್ಲ. ಬಾಗಲಕೋಟೆ ಕಡೆಯ ಒಂದು ಖಾಸಗಿ ಬಸ್ ಕಂಪನಿಯ ವರ್ಕ್‌ಶಾಪಿನಲ್ಲಿ ಮೂವತ್ತಾರು ವರ್ಷ ಗಾಡಿಗಳ ಹೊಟ್ಟೆಯಡಿ ಅಂಗಾತ ಮಲಗಿ ಕಳೆದವರು ಅವರು. ಡ್ರೈವರು ಹೇಳಿದ್ದನ್ನು ಅರ್ಧ ನಂಬುತ್ತಿದ್ದರು, ಕಂಡಕ್ಟರು ಹೇಳಿದ್ದನ್ನು ಪೂರ್ತಿ ಬಿಡುತ್ತಿದ್ದರು, ಗಾಡಿ ಹೇಳಿದ್ದನ್ನು ಮಾತ್ರ ಕಿವಿಗೊಟ್ಟು ಕೇಳುತ್ತಿದ್ದರು. ಈಗ ಹೆಂಡತಿ ನೀಲಮ್ಮನ ಜೊತೆ ಪುಕೆಕೊಹೆ ಎಂಬ ಪರದೇಶದ ಊರಿನಲ್ಲಿ ಮಗನ ಮನೆಯಲ್ಲಿದ್ದರು. ಇಲ್ಲಿ ಸಂಶಯಪಡಲು ಬಸ್ಸುಗಳಿರಲಿಲ್ಲ, ಮಗನೊಬ್ಬನಿದ್ದ.

ಮಗ ನಂದೀಶ ತರಕಾರಿ ಪ್ಯಾಕಿಂಗ್ ಕಂಪನಿಯೊಂದರಲ್ಲಿ ಗುಣಮಟ್ಟ ನೋಡುವ ಅಧಿಕಾರಿ. ಅವನದೊಂದು ಯೂಟ್ ಇತ್ತು. ಮುಂದೆ ಕಾರು, ಹಿಂದೆ ತೆರೆದ ಡಬ್ಬಿ ಇರುವ ಗಾಡಿಗೆ ಇಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ. ಅದು ಟೂ ವೀಲ್ ಡ್ರೈವ್. ಇಂಜಿನ್ನಿನ ಬಲವೆಲ್ಲ ಹಿಂದಿನ ಎರಡು ಗಾಲಿಗೆ ಮಾತ್ರ. ಒಂದು ಸಂಜೆ ಅವನು ಚಹಾ ಕುಡಿಯುತ್ತ, ಯೂಟಿಗೆ ಲಿಫ್ಟ್ ಕಿಟ್ ಹಾಕಿಸಿ ಮೂರು ಇಂಚು ಎತ್ತರ ಮಾಡಿಸುತ್ತೇನೆ ಎಂದ. ಶಿವಪುತ್ರಪ್ಪನವರ ಕಿವಿ ನಿಮಿರಿತು. ಯಾಕೆ ಎಂದು ಕೇಳಿದರು. ಹೊಲಗಳ ದಾರಿ ಕೆಸರು, ತಳ ತಾಗುತ್ತದೆ ಎಂದ. ಹೊಲಕ್ಕೆ ಹೋಗಲು ಕಂಪನಿಯದೇ ಗಾಡಿ ಕೊಡುತ್ತಾರೆಂದು ಹೋದ ವರ್ಷ ಎದೆಯುಬ್ಬಿಸಿ ಹೇಳಿದ್ದವನೂ ಇವನೇ. ಶಿವಪುತ್ರಪ್ಪ ಚಹಾದ ಕಪ್ಪು ತೊಳೆದಿಟ್ಟರು.

ಭಾನುವಾರ ಮಗ, ಸೊಸೆ ವಚನಾ ಅವಳ ಕಾರಿನಲ್ಲಿ ಅಂಗಡಿಗೆ ಹೋದಾಗ ಹಳೆಯ ಚಾಪೆಯೊಂದನ್ನು ಹಾಸಿ ಯೂಟಿನ ಅಡಿಗೆ ಸೇರಿಕೊಂಡರು. ಅರವತ್ತೆಂಟರ ಬೆನ್ನು ಕಿರುಗುಟ್ಟಿತು, ಆದರೂ ತವರಿಗೆ ಬಂದಷ್ಟು ಹಿತವಾಯಿತು.

ಪುಕೆಕೊಹೆಯ ಮಣ್ಣು ಕೆಂಪು. ಬಂದ ದಿನದಿಂದ ಚಪ್ಪಲಿಗೆ ಅಂಟಿದ್ದೆಲ್ಲ ಅದೇ. ಚಾಸಿಯ ಮೂಲೆಗಳಲ್ಲಿ ಕೂತಿದ್ದದ್ದು ಮಾತ್ರ ಕಪ್ಪು ಮರಳು, ಬೆರಳಲ್ಲಿ ತಿಕ್ಕಿದರೆ ಮಿನುಗುವಂಥದ್ದು. ಅಂಥ ಮರಳು ಪಡುವಣ ಕಡಲ ದಂಡೆಯಲ್ಲಿ ಬಿಟ್ಟರೆ ಈ ಸುತ್ತಿನಲ್ಲಿ ಇಲ್ಲ. ಒಮ್ಮೆ ಮಗನೇ ಕರೆದುಕೊಂಡು ಹೋಗಿ ತೋರಿಸಿದ್ದ. ಬೋಲ್ಟುಗಳಿಗೆ ಹಿಡಿದ ತುಕ್ಕು ಮಳೆಯ ತುಕ್ಕಲ್ಲ, ಉಪ್ಪು ನೀರಿನದು. ಹಿಂದಿನ ಆಕ್ಸಲ್ ಮೇಲೆ ಕಮಾನಿನಂತೆ ಬಾಗಿರಬೇಕಾದ ಸ್ಪ್ರಿಂಗ್ ಪ್ಲೇಟುಗಳನ್ನು ಗೇಣು ಹಾಕಿ ಅಳೆದರು. ಬಲಗಡೆಯದು ಸರಿ ಇತ್ತು. ಎಡಗಡೆಯದು ಚಪ್ಪಟೆಯಾಗಿ, ಪ್ಲೇಟು ಪ್ಲೇಟಿಗೆ ಉಜ್ಜಿದ ಕಡೆ ಬೆಳ್ಳಗೆ ಹೊಳೆಯುತ್ತಿತ್ತು. ಮತ್ತೆ ಮತ್ತೆ, ಒಂದೇ ಬದಿಗೆ, ಭಾರವಾದದ್ದೇನನ್ನೋ ಹೇರುತ್ತಿದ್ದಾನೆ.

ಉಳಿದದ್ದು ಚಾಪೆ ಸುತ್ತುವಷ್ಟರಲ್ಲಿ ತಾನಾಗಿ ಹೊಂದಿಕೊಂಡಿತು. ಎರಡು ವಾರಕ್ಕೊಮ್ಮೆ ಶನಿವಾರ ನಸುಕಿನಲ್ಲೇ ಆಫೀಸಿನ ತಪಾಸಣೆ ಎಂದು ಹೋಗುತ್ತಾನೆ. ಜೊತೆಗೆ ಗೆಳೆಯ, ಮಂಗಳೂರಿನ ರಾಜೀವ್, ಇಲ್ಲಿಗೆ ಓದಲು ಬಂದು ನೆಲೆನಿಂತವನು, ಮೀನಿಲ್ಲದೆ ಅನ್ನ ಮುಟ್ಟದವನು. ತಿರುಗಿ ಬಂದ ಮೇಲೆ ನಂದೀಶ ಒಂದು ತಾಸು ಯೂಟ್ ತೊಳೆಯುತ್ತಾನೆ. ತಿಂದ ತಟ್ಟೆಯನ್ನು ಸಿಂಕಿನವರೆಗೆ ಒಯ್ಯದ ಮಗ ಗಾಡಿ ತೊಳೆಯುವುದೆಂದರೇನು? ಮಂಜುಗಡ್ಡೆ ತುಂಬಿದ ದೊಡ್ಡ ಡಬ್ಬಿ, ಗಾಳದ ದಾರ ಎಳೆಯುವ ಮೋಟಾರು, ಬ್ಯಾಟರಿ, ಮೀನು. ಮಗ ಮೀನು ಹಿಡಿಯುತ್ತಿದ್ದಾನೆ, ಹಿಡಿದವನು ತಿನ್ನದೆ ಬಿಟ್ಟಾನೆಯೇ. ಎದೆಯ ಮೇಲಿನ ಲಿಂಗವನ್ನು ಅಂಗಿಯ ಮೇಲಿನಿಂದಲೇ ಹಿಡಿದುಕೊಂಡು ಸ್ವಲ್ಪ ಹೊತ್ತು ಗ್ಯಾರೇಜಿನಲ್ಲಿ ನಿಂತರು. ತುಂಬಾ ನೋವಾಯಿತು.

ನೀಲಮ್ಮನಿಗೆ ಹೇಳುವ ಹಾಗಿರಲಿಲ್ಲ. ಈ ಮನೆ ಬಾಡಿಗೆಗೆ ಹಿಡಿದಾಗ ಫ್ರಿಡ್ಜಿನಲ್ಲಿ ಹಿಂದಿನವರ ಮೊಟ್ಟೆಯ ತಟ್ಟೆ ಕಂಡು ಮೂರು ದಿನ ಫ್ರಿಡ್ಜು ತೊಳೆದಾಕೆ ಆಕೆ. ನೋವನ್ನು ನುಂಗಿ ಸುಮ್ಮನಿದ್ದುಬಿಡಬಹುದಿತ್ತು. ಆದರೆ ಅರೆ ತೆರೆದಿದ್ದ ಯೂಟಿನ ಬಾಗಿಲು ಮುಚ್ಚುವಾಗ ಮತ್ತೊಂದು ಕಣ್ಣಿಗೆ ಬಿತ್ತು. ಬಾಗಿಲಿನ ಕೆಳಗಿನ ರಬ್ಬರಿನೊಳಗೆ ಅದೇ ಕಪ್ಪು ಮರಳು ಒಂದು ಗೆರೆಯಾಗಿ ಕೂತಿತ್ತು, ಅದರ ಮೇಲೆ ಉಪ್ಪಿನ ಬಿಳಿ. ನೀರು ಅಲ್ಲಿಯವರೆಗೆ ಏರಿತ್ತು. ಗಾಡಿ ಮರಳಿನಲ್ಲಿ ಹೂತುಕೊಂಡಿರಬೇಕು, ಉಬ್ಬರ ಬಂದಿರಬೇಕು, ಹೇಗೋ ಪಾರಾಗಿದ್ದಾನೆ. ಇನ್ನೊಮ್ಮೆ ಅದೇ ಸಾಹಸಕ್ಕೆ ಹೋಗಲೆಂದೇ ಈ ಮೂರು ಇಂಚು. ಮೀನಿನ ಯೋಚನೆ ಹಿಂದೆ ಸರಿಯಿತು.

ಮುಂದಿನ ಶನಿವಾರ ಮಗ ಕಿಟ್ ಹಾಕಿಸಲು ಹೊರಟಾಗ, ನಾನೂ ಬರುತ್ತೇನೆ ಎಂದು ಹಟ ಹಿಡಿದು ಅವನ ಜೊತೆ ಸಸ್ಪೆನ್ಷನ್ ಅಂಗಡಿಗೆ ಹೋದರು. ಅಂಗಡಿಯ ಪ್ರಮೋದ್ ಮೈಸೂರಿನವನು, ಮಾತು ಬೆಣ್ಣೆಯಂತೆ. ಅದೇ ಶಿವಪುತ್ರಪ್ಪನವರಿಗೆ ಹಿಡಿಸಲಿಲ್ಲ. ಇಷ್ಟು ನಯವಾಗಿ ಮಾತಾಡುವವನು ಬೇಡದ್ದನ್ನೂ ತಲೆಗೆ ಕಟ್ಟುತ್ತಾನೆ ಎಂದುಕೊಂಡರು. ಪ್ರಮೋದ್ ಮೇಜಿನ ಮೇಲೆ ಎರಡು ಬಗೆಯ ಕಿಟ್ಟು ಹರವಿದ. ಒಂದು ಅಗ್ಗದ್ದು: ಮುಂದಿನ ಸ್ಪ್ರಿಂಗಿನ ಮೇಲೊಂದು ಅಲ್ಯೂಮಿನಿಯಂ ಬಳೆ, ಹಿಂದಿನ ಪ್ಲೇಟಿಗೊಂದು ಕಬ್ಬಿಣದ ತುಂಡು. ಇನ್ನೊಂದರಲ್ಲಿ ಸ್ಪ್ರಿಂಗು, ಪ್ಲೇಟು ಎಲ್ಲ ಹೊಸವು. ಎರಡು ಇಂಚಿಗಿಂತ ಹೆಚ್ಚು ಎತ್ತಿದರೆ ಸರ್ಕಾರದ ಸರ್ಟಿಫಿಕೇಟಿನ ತಲೆನೋವು ಬರುತ್ತದೆ ಎಂದೂ ಹೇಳಿದ. ನಂದೀಶನ ಕೈ ಆಗಲೇ ಅಗ್ಗದ ತುಂಡಿನ ಮೇಲಿತ್ತು. ಕುಂಟುವ ಮಂಚದ ಕಾಲಿಗೆ ಇಟ್ಟಿಗೆ ಇಟ್ಟ ಹಾಗಿದೆ ಎಂದು ಶಿವಪುತ್ರಪ್ಪ ಮೂಗು ಮುರಿದರು.

"ಹಿಂದೆ ಎಷ್ಟು ಲೋಡ್ ಹಾಕ್ತೀರಾ ಸಾರ್? ಅದರ ಮೇಲೇನೇ ಪ್ಲೇಟ್ ಆರಿಸ್ಬೇಕು," ಎಂದು ಪ್ರಮೋದ್ ಕೇಳಿದ.

"ಏನೂ ಇಲ್ಲ, ಖಾಲೀನ ಇರ್ತೈತಿ," ಎಂದ ನಂದೀಶ.

ಆ ಒಂದು ಮಾತಿಗೆ ಶಿವಪುತ್ರಪ್ಪನವರಿಗೆ ಹಳೆಯದೊಂದು ನೆನಪಾಯಿತು. ಇಪ್ಪತ್ತು ವರ್ಷದ ಹಿಂದೆ ಒಬ್ಬ ಡ್ರೈವರು, ಬಸ್ಸಿನ ಮಾಳಿಗೆಯ ಮೇಲೆ ಏನು ಹೇರುತ್ತೀ ಎಂದು ಇವರು ಕೇಳಿದಾಗ, ಹೀಗೇ ಖಾಲಿ ಎಂದಿದ್ದ. ಪ್ಲೇಟು ಬೆಳ್ಳಗೆ ಹೊಳೆಯುತ್ತಿದ್ದದ್ದನ್ನು ಇವರು ಕಂಡಿದ್ದರು. ಆದರೂ ಪಾಪ, ಎರಡು ಮೂಟೆ ಜೋಳದ ಆಸೆಗೆ ಸುಳ್ಳು ಹೇಳುತ್ತಾನೆ, ನಾಲ್ಕು ಜನರೆದುರು ಅವನ ಮಾನ ಯಾಕೆ ಕಳೆಯಲಿ ಎಂದು, ಗಾಡಿ ಸರಿಯಿದೆಯೆಂದು ಸಹಿ ಹಾಕಿದ್ದರು. ಮರುದಿನ ಘಟ್ಟದ ತಿರುವಿನಲ್ಲಿ ಪ್ಲೇಟು ಮುರಿದು ಬಸ್ಸು ಮಗುಚಿತು. ಡ್ರೈವರು ಒಂದು ಕಾಲು ಕಳೆದುಕೊಂಡ. ಅಂದಿನಿಂದ ಭಾರದ ವಿಷಯದಲ್ಲಿ ಮಾತ್ರ ಅವರು ಯಾರ ಮುಖವನ್ನೂ ನೋಡಿದವರಲ್ಲ. ಈಗ ಎದುರಿಗಿದ್ದದ್ದು ಮಗನ ಮುಖ. ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು. ಕನ್ನಡ ಬರುತ್ತಿದ್ದದ್ದು ಪ್ರಮೋದನಿಗೊಬ್ಬನಿಗೇ, ನಾಚಿಕೆಗೆ ಅಷ್ಟು ಸಾಕಿತ್ತು.

"ಖಾಲಿ ಇಲ್ಲ," ಎಂದರು ಶಿವಪುತ್ರಪ್ಪ. "ಎಡಕ್ಕ ಒಂದೂವರಿ ಕ್ವಿಂಟಲ್ ಬೀಳ್ತೈತಿ. ಬರ್ಫಿನ ಡಬ್ಬಿ, ಬ್ಯಾಟರಿ, ಮೀನ. ಸಮುದ್ರದ ಉಸುಕಿನ್ಯಾಗ ಹೊಕ್ಕೈತಿ. ಒಮ್ಮೆ ನೀರ ಬಾಗಲಮಟ ಬಂದೈತಿ."

ನಂದೀಶನ ಮುಖ ಬಿಳಿಚಿಕೊಂಡಿತು. ಕೈಯಲ್ಲಿದ್ದ ಕಬ್ಬಿಣದ ತುಂಡನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

ಪ್ರಮೋದ್ ಟಾರ್ಚು ಹಿಡಿದು ಯೂಟಿನ ಅಡಿಗೆ ಹೋಗಿ ಬಂದ. ಬಂದವನು ಹೇಳಿದ್ದು ಶಿವಪುತ್ರಪ್ಪ ನಿರೀಕ್ಷಿಸಿದ್ದಲ್ಲ. ಲಿಫ್ಟ್ ಕಿಟ್ ಹಾಕಿಸಲೇಬೇಡಿ ಎಂದ. ಎಷ್ಟು ಎತ್ತಿದರೂ ಎಳೆಯುವುದು ಹಿಂದಿನ ಎರಡೇ ಗಾಲಿ. ಮರಳಿನಲ್ಲಿ ಅವು ಹೂತುಕೊಂಡರೆ ಎತ್ತರದ ಗಾಡಿಯೂ ಕೂತೇ ಬಿಡುತ್ತದೆ. ಎತ್ತರ ಮಾಡಿದ್ದೇನೆಂಬ ಧೈರ್ಯ ಇನ್ನಷ್ಟು ಮುಂದಕ್ಕೆ ಒಯ್ದು ನೀರಿನ ಬಾಯಿಗೆ ಕೊಡುತ್ತದೆ. ಕಡಲಿಗೆ ಹೋಗಲೇಬೇಕಿದ್ದರೆ ನಾಲ್ಕೂ ಗಾಲಿ ಎಳೆಯುವ ಗಾಡಿ ಇರುವವರ ಜೊತೆ ಹೋಗಿ, ಇದನ್ನು ಡಾಂಬರಿನ ಮೇಲೇ ನಿಲ್ಲಿಸಿ. ಈಗ ಹಿಂದಿನ ಪ್ಲೇಟುಗಳನ್ನು ಮಾತ್ರ ಭಾರ ತಡೆಯುವಂಥವಕ್ಕೆ ಬದಲಾಯಿಸಿದರೆ ಸಾಕು, ಇವು ಇನ್ನೊಂದು ವರ್ಷ ಬಾಳುವುದಿಲ್ಲ ಎಂದ.

ಇವನ ಬಗ್ಗೆ ತಪ್ಪು ತಿಳಿದೆನಲ್ಲ ಎಂದು ಶಿವಪುತ್ರಪ್ಪನವರಿಗೆ ಅರೆಗಳಿಗೆ ನಾಚಿಕೆಯಾಯಿತು. ಉಳಿದ ಅರೆಗಳಿಗೆ, ಬಂದ ವ್ಯಾಪಾರ ಬಿಡುವ ಅಂಗಡಿಯವನು ಎಂಥವನಿರಬೇಕು ಎಂದು ಯೋಚಿಸಿದರು. ಹೊಸ ಪ್ಲೇಟುಗಳನ್ನು ಮಾತ್ರ ಒಂದೊಂದಾಗಿ ಉಗುರಿನಿಂದ ಬಾರಿಸಿ, ಸದ್ದು ಕೇಳಿಯೇ ಒಪ್ಪಿದರು. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಹೊಸ ಪ್ಲೇಟಿನ ಬಿಗುವಿಗೆ ಯೂಟಿನ ಹಿಂಭಾಗ ಒಂದೂವರೆ ಇಂಚು ಮೇಲೆದ್ದಿತ್ತು.

ದಾರಿಯಲ್ಲಿ ಈರುಳ್ಳಿ ಹೊಲಗಳ ನಡುವೆ ನಂದೀಶ ಗಾಡಿಯ ವೇಗ ಇಳಿಸಿದ. ಆಮೇಲೆ, "ನಾ ಮೀನ ತಿನ್ನೂದು ನಿಮಗ ಭಾಳ ಬ್ಯಾಸರ ಆತೇನ್ರಿ ಅಪ್ಪಾ?" ಎಂದು ಕೇಳಿದ.

"ಆತು," ಎಂದರು ಶಿವಪುತ್ರಪ್ಪ. "ನೀರ ಬಾಗಲಮಟ ಬಂದದ್ದು ಅದಕ್ಕಿಂತ ಹೆಚ್ಚ ಆತು."

ಇನ್ನು ಈ ಗಾಡಿಯನ್ನು ಮರಳಿಗೆ ಇಳಿಸುವುದಿಲ್ಲ ಎಂದು ಮಗ ಯಾರೂ ಕೇಳದೆಯೇ ಮಾತು ಕೊಟ್ಟ. ಅವರು ಅದನ್ನು ಅರ್ಧ ನಂಬಿದರು. ಎರಡು ವಾರಕ್ಕೊಮ್ಮೆ ಅಡಿಗೆ ಮಲಗಿ ನೋಡುತ್ತೇನೆ ಎಂದರು. ನೋಡ್ರಿ ಎಂದ ಮಗ, ಅವ್ವನಿಗೆ ಮಾತ್ರ ಹೇಳಬೇಡಿ ಎಂದ. ಶಿವಪುತ್ರಪ್ಪ ಕಿಟಕಿಯಾಚೆ ನೋಡುತ್ತಿದ್ದರು. ಮೀನಿನ ಮಾತು ನಿನ್ನದು, ಹೇಳುವುದಿದ್ದರೆ ನೀನೇ ಹೇಳು, ಸುಳ್ಳು ಹೇಳಲು ನನ್ನನ್ನು ಕರೆಯಬೇಡ ಎಂದರು.

ನೀಲಮ್ಮ ಬಾಗಿಲಲ್ಲೇ ನಿಂತಿದ್ದರು. ಯೂಟು ಗೇಟಿನೊಳಗೆ ಬರುವುದನ್ನು ಮುಂದಿನಿಂದ ನೋಡಿದರು, ಪಕ್ಕದಿಂದ ನೋಡಿದರು. ನಂದೀಶ ಇಳಿದವನೇ ತಲೆ ತಗ್ಗಿಸಿಕೊಂಡು ಒಳಗೆ ನುಸುಳಿದ.

"ಹಿಂದಷ್ಟ ಯಾಕ್ ಎತ್ತರಾಗೈತ್ರಿ?" ಎಂದು ಗಂಡನನ್ನು ಕೇಳಿದರು. "ಏನ್ ಹೇರತಾನ ಇಂವ ಇದರಾಗ?"

ಶಿವಪುತ್ರಪ್ಪ ಆಕೆಯ ಮುಖ ನೋಡಿದರು. ಆ ಮುಖದಲ್ಲಿ ಮಗನ ಮೇಲಿನ ಹೆಮ್ಮೆ ಇತ್ತು, ಒಂದು ಚೂರು ಹೆದರಿಕೆಯೂ ಇತ್ತು.

"ಏನೂ ಇಲ್ಲ," ಎಂದರು. "ಖಾಲೀನ ಇರ್ತೈತಿ."

ಆ ಮಾತನ್ನು ಅವರು ಜೀವಮಾನದಲ್ಲಿ ನೂರಾರು ಬಾಯಿಗಳಿಂದ ಕೇಳಿದ್ದರು, ತಮ್ಮ ಬಾಯಿಂದ ಇದೇ ಮೊದಲು. ನೀಲಮ್ಮ ಮೆಟ್ಟಿಲಿಳಿದು ಯೂಟಿನ ಹಿಂದಕ್ಕೆ ಹೋಗಿ, ಮೊದಲೇ ಗೊತ್ತಿದ್ದವರ ಹಾಗೆ ನೇರ ಎಡಗಡೆಯ ಮೂಲೆಗೇ ಬಗ್ಗಿ, ಒಮ್ಮೆ ಮೂಸಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಕೆಟ್ಟು ತರಲು ಒಳಗೆ ಹೋದರು.