ಬೋನಾಳದಲ್ಲಿ ಕೆಟ್ಟ ಗಾಡಿ

ಫ್ರಾನ್ಸಿನಲ್ಲಿ ವ್ಯಾನನ್ನೇ ಮನೆ ಮಾಡಿಕೊಂಡು ಬೆಟ್ಟ, ಕೆರೆ ಸುತ್ತುವ ಗಂಡ-ಹೆಂಡಿರ ವಿಡಿಯೊಗಳನ್ನು ಚಳಿಗಾಲವಿಡೀ ನೋಡಿದ ಮೇಲೆ, ಶಹಾಪುರದ ವಿಜ್ಞಾನ ಮಾಸ್ತರ ದೇವಿಂದ್ರ ಒಂದು ಹಳೆಯ ವ್ಯಾನ್ ಕೊಂಡರು. ಒಳಗೆ ಹಾಸಿಗೆ, ಪರದೆ, ಸಣ್ಣ ಗ್ಯಾಸಿನ ಒಲೆ. ಅಲ್ಲಿಯವರು ಬೇಸಿಗೆಗೇ ಹೊರಡುತ್ತಾರೆಂದು ಇವರೂ ಮೇ ತಿಂಗಳನ್ನೇ ಆರಿಸಿದರು.

ಹೆಂಡತಿ ಪರಿಮಳಾಗೆ ಬೆಟ್ಟದ ಆಸೆಯೂ ಇರಲಿಲ್ಲ, ಕೆರೆಯದೂ ಇರಲಿಲ್ಲ. ವಿಡಿಯೊದ ಹೆಂಗಸು ನೀರಿನ ದಂಡೆಯಲ್ಲಿ ಏನೂ ಮಾಡದೆ ಕೂತಿರುತ್ತಿದ್ದಳು. ಮದುವೆಯಾದ ಹದಿನೆಂಟು ವರ್ಷದಲ್ಲಿ ಒಂದು ಮಧ್ಯಾಹ್ನವಾದರೂ ತಾನು ಹಾಗೆ ಕೂರಬೇಕೆಂಬುದಷ್ಟೇ ಅವಳ ಆಸೆ.

ಅವರು ಹೋಗಿ ಮುಟ್ಟಿದಾಗ ಬೋನಾಳ ಕೆರೆಯ ನೀರು ಬತ್ತಿ ನಡುವಿಗೆ ಸರಿದಿತ್ತು. ಜಾಣ ಹಕ್ಕಿಗಳು ಆಗಲೇ ಊರು ಬಿಟ್ಟಿದ್ದವು. ಹನ್ನೊಂದಕ್ಕೆಲ್ಲ ವ್ಯಾನಿನ ತಗಡು ಹಂಚಿನಂತೆ ಕಾದಿತ್ತು. ಮಾಸ್ತರರು ಮಡಚುವ ಕುರ್ಚಿ ಬಿಡಿಸಿ ಕೂತರು.

"ಚಾ ಇಡು. ಒಲಿ ಹಿಂದ ಅದ."

"ಆ ವಿಡಿಯೊದಾಗ ಚಾ ಯಾರ್ ಮಾಡ್ತಿದ್ರು?"

"ಅದು ತೋರ್ಸಿಲ್ಲ."

ಪರಿಮಳಾ ಒಲೆ ಇಳಿಸುವಷ್ಟರಲ್ಲಿ ಕುರಿ ಮೇಯಿಸುತ್ತಿದ್ದ ಮಲ್ಕಪ್ಪ ಬಂದ.

"ಗಾಡಿ ಕೆಟ್ಟದೇನ್ರಿ ಸರ?"

"ಇಲ್ಲಪ. ಸುಮ್ನ ಇರಾಕ ಬಂದೀವಿ."

"ಈ ಬಿಸಲಾಗ? ಗಾಡಿ ಅಲ್ಲಂದ್ರ ಮತ್ತೇನ್ ಕೆಟ್ಟದ್ರಿ?"

ಪಾಪ, ಹೇಳಿಕೊಳ್ಳಲು ನಾಚಿಕೆ ಎಂದುಕೊಂಡ ಮಲ್ಕಪ್ಪ ಜೊತೆಯ ಮೂವರು ಕುರಿಗಾಹಿಗಳನ್ನು ಕೂಗಿದ. ಮಾಸ್ತರರು ಬೇಡ ಬೇಡ ಎನ್ನುತ್ತಿದ್ದಂತೆಯೇ ನಾಲ್ವರೂ ಸೇರಿ ವ್ಯಾನನ್ನು ಬೇವಿನ ಮರದ ನೆರಳಿಗೆ ನೂಕಿದರು. ಅಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ರೊಟ್ಟಿ ಸುಡುತ್ತಿದ್ದ ಮಲ್ಕಪ್ಪನ ಹೆಂಡತಿ ರೇಣಮ್ಮ, ಪರಿಮಳಾಳ ಕೈಯಲ್ಲಿದ್ದ ಒಲೆ ಕಂಡು ಸಿಟ್ಟಾದಳು.

"ಅದನ್ನ ಒಳಗಿಡ್ರಿ ಅಕ್ಕಾರ! ಗಾಡಿ ಕೆಟ್ಟು ನಿಂತವ್ರು ನಮ್ಮೂರಾಗ ಒಲಿ ಹಚ್ಚಿದ್ರ ನಮ್ಮ ಮರ್ಯಾದಿ ಏನಾಗಬೇಕು? ಕುಂದರ್ರಿ."

"ಕೆಟ್ಟಿಲ್ಲವ್ವಾ! ತಡೀರಿ, ಚಾಲೂ ಮಾಡಿ ತೋರಸ್ತೀನಿ" ಎಂದು ಮಾಸ್ತರರು ವ್ಯಾನಿನತ್ತ ನಡೆದರು.

ಪರಿಮಳಾ ಅವರಿಗಿಂತ ಮುಂಚೆ ಹೋಗಿ ಚಾವಿ ಕಿತ್ತು ಸೆರಗಿಗೆ ಗಂಟು ಹಾಕಿಕೊಂಡಳು.

"ಕೆಟ್ಟದ್ರಿ" ಎಂದಳು ಎಲ್ಲರಿಗೂ ಕೇಳುವಂತೆ. "ಮುಂಜಾನಿಂದ ಕೆಟ್ಟದ. ಇವ್ರು ಹೇಳಾಕ ನಾಚ್ಕೋತಾರ."

ರೇಣಮ್ಮ ಬಿಸಿ ರೊಟ್ಟಿ, ಪುಂಡಿಪಲ್ಯ ತಂದು ಅವಳ ತೊಡೆಯ ಮೇಲಿಟ್ಟಳು. ಅತ್ತ ಗಂಡಸರು ಎಂಜಿನ್ನಿನ ಮುಚ್ಚಳ ಎತ್ತಿ, ಏನೂ ಆಗಿರದ ಎಂಜಿನ್ನಿನಲ್ಲಿ ತಲೆಗೊಂದು ದೋಷ ಕಂಡುಹಿಡಿದರು. ಮಾಸ್ತರರು ಬೆವರೊರೆಸುತ್ತ ಒಂದೊಂದನ್ನೂ ವೈಜ್ಞಾನಿಕವಾಗಿ ಅಲ್ಲಗಳೆಯುತ್ತಿದ್ದರು.

"ಸಂಜಿತನಕ ಆಗ್ತದ ನೋಡ್ರಿ ಅಕ್ಕಾರ" ಎಂದು ಮಲ್ಕಪ್ಪ ಕೂಗಿದ.

"ಸಾವಕಾಶ ಮಾಡ್ರಿ" ಎಂದಳು ಪರಿಮಳಾ, ರೊಟ್ಟಿ ಮುರಿಯುತ್ತ. "ನಮಗೇನ್ ಗಡಿಬಿಡಿ ಇಲ್ಲ."