ಬ್ರೇಕ್ ಆಯಿಲ್ ಎಲ್ಲಿ ಹೋಯಿತು?

ಶಾಲೆಯ ಇಳಿಜಾರಿನಲ್ಲಿ ನರ್ಸಮ್ಮ ಬ್ರೇಕ್ ಒತ್ತಿದಳು. ಪೆಡಲ್ ಎಂದಿನ ಜಾಗದಲ್ಲಿ ಸಿಗಲಿಲ್ಲ; ಮೆತ್ತಗೆ ಕೆಳಗಿಳಿಯುತ್ತಲೇ ಹೋಯಿತು. ಮತ್ತೆ ಮತ್ತೆ ಬಲವಾಗಿ ತುಳಿದಳು. ರಸ್ತೆ ದಾಟುತ್ತಿದ್ದ ಮಕ್ಕಳಿಂದ ಒಂದು ಮಾರು ದೂರದಲ್ಲಿ ಕಾರು ನಿಂತಿತು.

"ಅಮ್ಮಾ, ಏನಾಯ್ತು?" ಎಂದಳು ಹಿಂದೆ ಕೂತಿದ್ದ ಮಗಳು. ನರ್ಸಮ್ಮ ಹ್ಯಾಂಡ್‌ಬ್ರೇಕ್ ಎಳೆದು ಫೋನ್ ಕೈಗೆತ್ತಿಕೊಂಡಳು.

ಫೋನ್ ಮಾಡಿದ ಕೂಡಲೇ ಗಂಡ ಬಂದ. ಬಡಗಿ; ಮೈಮೇಲೆ ಇನ್ನೂ ಮರದ ಹೊಟ್ಟು. ಬಾನೆಟ್ ಎತ್ತಿ ನೋಡಿದರೆ ಬ್ರೇಕ್ ಆಯಿಲ್ ಡಬ್ಬಿಯ ಕನಿಷ್ಠ ಗೆರೆಗಿಂತ ಕೆಳಗಿತ್ತು. ಪಕ್ಕದ ಅಂಗಡಿಯಿಂದ ತಂದು ಸುರಿದ. ಸ್ಟೀರಿಂಗ್ ಮುಂದೆ ಉರಿಯುತ್ತಿದ್ದ ಬ್ರೇಕಿನ ಕೆಂಪು ದೀಪ ಆರಿತು.

"ನೋಡು, ಮುಗೀತು! ಇಷ್ಟಕ್ಕೇ ಜೀವ ಬಾಯಿಗೆ ಬಂದವಳ ಹಾಗೆ ಆಡ್ತೀಯಲ್ಲ."

ಅವಳಿಗೆ ಸಮಾಧಾನವಾಗಲಿಲ್ಲ. "ಮೆಕ್ಯಾನಿಕ್‌ಗೆ ತೋರಿಸು," ಎಂದರೂ ಅವನು ಕೇಳಲಿಲ್ಲ. ಅಂದು ವಾರ್ಡಿನಲ್ಲಿ ರೋಗಿಯ ನಾಡಿ ಹಿಡಿದಾಗಲೂ ಕಾಲಡಿಯಲ್ಲಿ ಏನೋ ಕುಸಿದಂತಾಗುತ್ತಿತ್ತು.

ಮರುದಿನ ಬೆಳಿಗ್ಗೆ ಗಂಡ ತನ್ನ ತಾಯಿಯನ್ನು ಕಣ್ಣಾಸ್ಪತ್ರೆಗೆ ಕರೆದೊಯ್ಯಲು ಅದೇ ಕಾರನ್ನು ಹೊರಗೆ ತೆಗೆದ. ಅತ್ತೆ ಬೆಲ್ಟ್ ಹಾಕಿಕೊಂಡು ಕೂತೂ ಆಯಿತು. ನರ್ಸಮ್ಮ ಪಕ್ಕದ ಮನೆಗೆ ಓಡಿದಳು. ಅಲ್ಲಿದ್ದವರು ನಿವೃತ್ತ ಬಸ್ ಡ್ರೈವರ್. ಯಾವ ಕೆಲಸಕ್ಕೂ ಅವಸರಪಡದ ಅವರಿಗೆ ಬೀದಿಯವರು ಇಟ್ಟ ಹೆಸರು ನಿಧಾನಪ್ಪ. ಅಂದು ಮಾತ್ರ ಅವರು ಚಪ್ಪಲಿಯನ್ನೂ ಮೆಟ್ಟದೆ ಬಂದರು.

"ಆಯಿಲ್ ಹಾಕಿದೀನಿ ಮಾವ, ಸರಿಯಾಗಿದೆ," ಎಂದ ಬಡಗಿ.

"ಅದೇನು ಪೆಟ್ರೋಲಾ, ಓಡಿಸಿದಷ್ಟೂ ಖರ್ಚಾಗೋಕೆ? ಮುಚ್ಚಿದ ಪೈಪಿನೊಳಗೇ ಇರಬೇಕಾದ್ದು. ಕಡಿಮೆ ಆಗಿದೆ ಅಂದ್ರೆ ಒಂದೋ ಚಕ್ರ ಹಿಡಿಯೋ ಪ್ಯಾಡ್ ಸವೆದಿದೆ, ಇಲ್ಲಾ ಎಲ್ಲೋ ಸೋರ್ತಿದೆ. ಎಂಜಿನ್ ಶುರು ಮಾಡಿ ಪೆಡಲ್ ಒತ್ತಿ ಹಿಡಿ."

ಬಡಗಿ ಒತ್ತಿ ಹಿಡಿದ. ಕಾಲಡಿಯಲ್ಲಿ ಪೆಡಲ್ ಮೆಲ್ಲಗೆ ಇಳಿಯತೊಡಗಿತು. ಬಗ್ಗಿ ನೋಡಿದ ನಿಧಾನಪ್ಪ, ಹಿಂದಿನ ಚಕ್ರದ ಒಳಬದಿಯ ಒದ್ದೆ ತೋರಿಸಿದರು.

"ಆದ್ರೆ ನಿನ್ನೆ ಕಾರು ನಿಂತಿತಲ್ಲ?" ಎಂದ ಬಡಗಿ.

"ಕಾರು ಮಾಡುವಾಗಲೇ ಬ್ರೇಕಿಗೆ ಎರಡು ದಾರಿ ಇಟ್ಟಿರ್ತಾರಪ್ಪ. ಒಂದು ಸೋರಿದ್ರೆ ಇನ್ನೊಂದು ಕೈ ಹಿಡೀಲಿ ಅಂತ. ನಿನ್ನೆ ನಿಲ್ಲಿಸಿದ್ದು ಅರ್ಧ ಬ್ರೇಕು."

"ಗ್ಯಾರೇಜ್‌ವರೆಗಾದ್ರೂ ನಿಧಾನವಾಗಿ ಓಡಿಸ್ಕೊಂಡು ಹೋಗ್ತೀನಿ..."

ಅತ್ತೆ ಬೆಲ್ಟ್ ಬಿಚ್ಚಿದರು. "ಲೋ, ನಾನು ಕಣ್ಣು ತೋರಿಸ್ಕೊಳ್ಳೋಕೆ ಹೊರಟಿದ್ದು, ಕಣ್ಣು ಮುಚ್ಚೋಕಲ್ಲ!"

ಅತ್ತೆ ಆಟೋ ಹತ್ತಿದರು. ಕಾರನ್ನು ಗ್ಯಾರೇಜಿನ ಗಾಡಿ ಬಂದು ಎಳೆದೊಯ್ದಿತು. ಮಧ್ಯಾಹ್ನ ನರ್ಸಮ್ಮನಿಗೆ ಗಂಡನ ಫೋನ್. "ಪೈಪ್ ತುಕ್ಕು ಹಿಡಿದಿತ್ತು ಕಣೇ. ಮೆಕ್ಯಾನಿಕ್ ಮುಟ್ಟಿದ ತಕ್ಷಣ ಮುರಿದು ಕೈಗೆ ಬಂತು." ಆಮೇಲೆ, "ನಿನ್ನ ಮಾತು ನಾನು ನಿನ್ನೆಯೇ ಕೇಳಬೇಕಿತ್ತು," ಎಂದ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕಾರಿನ ಪೆಡಲ್ ಮೆತ್ತಗಾಗಿದೆಯೇ? ಕೆಂಪು ದೀಪ ಉರಿಯುತ್ತಿದೆಯೇ? ಬ್ರೇಕ್ ಹಾಕಿದರೆ ಕಿರ್ರೆನ್ನುತ್ತದೆಯೇ, ಒಂದು ಬದಿಗೆ ಎಳೆಯುತ್ತದೆಯೇ? ಆಯಿಲ್ ಸುರಿದು ಸುಮ್ಮನಾಗಬೇಡಿ. ಅದು ಎಲ್ಲಿ ಹೋಯಿತೆಂದು ಮೆಕ್ಯಾನಿಕ್‌ನಿಂದ ಹುಡುಕಿಸಿ. ದಾರಿಯಲ್ಲೇ ಬ್ರೇಕ್ ಕೈಕೊಟ್ಟರೆ ಪೆಡಲನ್ನು ಮತ್ತೆ ಮತ್ತೆ ತುಳಿಯಿರಿ, ಗೇರ್ ಇಳಿಸಿ, ಹ್ಯಾಂಡ್‌ಬ್ರೇಕನ್ನು ಸ್ವಲ್ಪಸ್ವಲ್ಪವೇ ಎಳೆಯಿರಿ. ಓಡುವ ಕಾರಿನ ಎಂಜಿನ್ ಮಾತ್ರ ಆರಿಸಬೇಡಿ; ಆರಿಸಿದರೆ ಸ್ಟೀರಿಂಗೂ ಬಿಗಿಯಾಗುತ್ತದೆ. ನಾಳೆ ಬೆಳಿಗ್ಗೆ ಮನೆಯಿಂದ ಹೊರಡುವ ಮೊದಲು, ನಿಂತ ಕಾರಿನಲ್ಲೇ ಎಂಜಿನ್ ಶುರು ಮಾಡಿ ಒಮ್ಮೆ ಪೆಡಲ್ ಒತ್ತಿ ಹಿಡಿದು ನೋಡಿ. ಅದು ಇಳಿಯುತ್ತಾ ಹೋದರೆ ಬೀಗದಕೈ ತೆಗೆದು ಕೆಳಗಿಳಿಯಿರಿ.